ಬಡಿಸುವ ಕೈಗೊಂದು ಎಲೆ

ಬೆಳಗಿನ ನಾಲ್ಕೂವರೆ. ನಂಜನಗೂಡಿನ ಈ ಬೀದಿಗೆ ಹಾಲಿನವನೂ ಇನ್ನೂ ಬಂದಿಲ್ಲ. ಆದರೆ ಪುಟ್ಟಬಸಮ್ಮನವರ ಹಿತ್ತಿಲಿನಿಂದ ಹುಚ್ಚೆಳ್ಳು ಹುರಿಯುವ ಘಮ ಆಗಲೇ ಬೀದಿಗಿಳಿದಿದೆ. ಸೌದೆ ಒಲೆ, ಅದರ ಮೇಲೆ ಅಗಲವಾದ ಕಬ್ಬಿಣದ ಬಾಣಲೆ, ಪಕ್ಕದಲ್ಲಿ ಒಂದು ಗಿಡ್ಡ ಮಣೆ. ಅರವತ್ತೊಂದು ವರ್ಷದ ಈ ತಾಯಿ ಮಣೆಯ ಮೇಲೆ ಒಂದು ಮಂಡಿ ಮಡಿಸಿ, ನೋಯುವ ಇನ್ನೊಂದು ಮಂಡಿಯನ್ನು ನೀಳವಾಗಿ ಚಾಚಿ ಕೂತು ಸಟ್ಟುಗ ಆಡಿಸುತ್ತಿದ್ದಾರೆ. ಎಳ್ಳು ಚಟಪಟ ಅನ್ನುವುದು ನಿಂತ ಕೂಡಲೇ ಬಾಣಲೆ ಇಳಿಸಬೇಕಂತೆ.

"ವಸಿ ತಡ ಆದ್ರೂ ಕಯಿ ಬಂದ್ಬುಡ್ತದೆ ಕಣ್ರೀ. ಆಮೇಕೆ ಕೌಲಾಲಂಪುರದಲ್ಲಿ ನಮ್ಮೋರು ಮೂತಿ ತಿರುವ್ತಾರೆ" ಅನ್ನುತ್ತಾ ಬೆವರು ಒರೆಸಿಕೊಳ್ಳುತ್ತಾರೆ.

ಹೌದು, ಈ ಚಟ್ನಿಪುಡಿ ಹೊರಟಿರುವುದು ಮಲೇಷ್ಯಾಕ್ಕೆ. ನಂಜನಗೂಡು, ತಿ. ನರಸೀಪುರದ ಕಡೆಯಿಂದ ವಿದೇಶ ನೋಡಲು ಹೊರಡುವ ಗುಂಪುಗಳಿಗೆ ವಿಮಾನ, ವೀಸಾ, ಹೋಟೆಲು ಎಲ್ಲ ಇದ್ದರೂ ಒಂದು ಚಿಂತೆ ಮಾತ್ರ ಬಿಡುವುದಿಲ್ಲ: ಅಲ್ಲಿ ತಿನ್ನುವುದೇನು? ಆ ಚಿಂತೆಗೆ ಉತ್ತರ ಪುಟ್ಟಬಸಮ್ಮ. ಗುಂಪಿನ ಜೊತೆ ಅಡುಗೆಯವರಾಗಿ ಅವರು ಹನ್ನೊಂದು ಸಲ ಮಲೇಷ್ಯಾಕ್ಕೆ ಹೋಗಿ ಬಂದಿದ್ದಾರೆ. ಪ್ರವಾಸದ ಫೋಟೋಗಳಲ್ಲಿ ಹುಡುಕಿ ನೋಡಿ, ಒಂದರಲ್ಲೂ ಅವರಿಲ್ಲ. ಎಲ್ಲರೂ ನಗುತ್ತಾ ನಿಂತಾಗ ಈಯಮ್ಮ ಬಸ್ಸಿನ ಹಿಂದೆ ಪಾತ್ರೆ ಉಜ್ಜುತ್ತಿರುತ್ತಾರೆ.

ಹುಟ್ಟಿದ್ದು ಕಳಲೆಯಲ್ಲಿ. ಒಂಬತ್ತು ವರ್ಷಕ್ಕೆ ಅವ್ವ ತೀರಿಕೊಂಡರು. ಮನೆಯಲ್ಲಿ ಅಪ್ಪ, ನಾಲ್ಕು ಜನ ತಮ್ಮಂದಿರು. ಅವತ್ತು ಹಿಡಿದ ಸೌಟನ್ನು ಅವರು ಇವತ್ತಿಗೂ ಕೆಳಗಿಟ್ಟಿಲ್ಲ. ಕೈಹಿಡಿದ ಶಿವಮಲ್ಲಪ್ಪನವರು ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಹಿಡಿಯುತ್ತಿದ್ದವರು. ಗಂಡನ ಜೊತೆ ತರಕಾರಿ ಹೆಚ್ಚಿ, ಮಸಾಲೆ ರುಬ್ಬಿ ಕೆಲಸ ಕಲಿತರು. ಹತ್ತೊಂಬತ್ತು ವರ್ಷದ ಹಿಂದೆ ಗಂಡ ಹೋದ ಮೇಲೆ ಒಲೆ ಪೂರ್ತಿ ಇವರ ಕೈಗೆ ಬಂತು. ಮಗಳು ಬಿಂದುಶ್ರೀಯನ್ನು ಓದಿಸಿದರು. ಆಕೆ ಈಗ ತಿ. ನರಸೀಪುರದಲ್ಲಿ ನರ್ಸು.

"ಮನೇಲಿ ಕೊನೇಗೆ ಉಂಡೆ, ಮದ್ವೆ ಮನೇಲೂ ಕೊನೇಗೆ ಉಂಡೆ. ಅದೂ ನಿಂತ್ಕಂಡೇ. ಯಾರೂ ಬ್ಯಾಡ ಅಂದಿಲ್ಲ, ಯಾರೂ ಕುಂತ್ಕೋ ಅಂದೂ ಇಲ್ಲ" ಅನ್ನುವಾಗ ಅವರ ದನಿಯಲ್ಲಿ ದೂರು ಇಲ್ಲ, ಬಾಣಲೆಯ ಕಡೆಗೇ ಗಮನ.

ಮಲೇಷ್ಯಾದ ಸೊಗಸಾದ ಹೋಟೆಲುಗಳು ಪುಟ್ಟಬಸಮ್ಮನವರಿಗೆ ಹಿಂಬಾಗಿಲಿನಿಂದ ಪರಿಚಯ. ಮುಂದೆ ಅಮೃತಶಿಲೆಯ ನೆಲ, ಆಳೆತ್ತರದ ಹೂದಾನಿ, ಬಗ್ಗಿ ನಮಸ್ಕರಿಸುವ ಹುಡುಗಿಯರು ಇರುತ್ತಾರಂತೆ. ಇವರು ಕಂಡಿರುವುದು ಸಾಮಾನು ಇಳಿಸುವ ಕಟ್ಟೆ, ಗ್ಯಾಸ್ ಸಿಲಿಂಡರು, ಕೊಳೆಬಟ್ಟೆ ಒಯ್ಯುವ ಗಾಡಿ. ಮೂರೂವರೆಗೆ ಎದ್ದು ಅಲ್ಲಿಗೆ ಇಳಿದರೆ ಮೂವತ್ತು ಜನಕ್ಕೆ ಮೂರು ಕೆ.ಜಿ. ರವೆಯ ಉಪ್ಪಿಟ್ಟು, ಬುತ್ತಿಗೆ ನಾಲ್ಕು ಕೆ.ಜಿ. ಅಕ್ಕಿಯ ಚಿತ್ರಾನ್ನ, ದಿನಕ್ಕೆ ಅರವತ್ತು ಲೋಟ ಕಾಫಿ. ಒಮ್ಮೆ ಇಪ್ಪತ್ತನೇ ಮಹಡಿಯಲ್ಲಿ ಕೊಟ್ಟ ಕೋಣೆಯ ಹಾಸಿಗೆಯ ಬಗ್ಗೆ ಕೇಳಿದರೆ ನಕ್ಕುಬಿಡುತ್ತಾರೆ. "ಅದ್ರ ಮ್ಯಾಲೆ ಮಲೀಕಂಡ್ರೆ ಬೆನ್ನು ಎಲ್ಲೋಯ್ತು ಅಂತ ಉಡುಕ್ಬೇಕು. ನಾನು ನೆಲದ ಮ್ಯಾಲೆ ಜಮಖಾನ ಆಸ್ಕಂಡೆ."

ಮೊದಲ ಸಲದ ಕಥೆಯನ್ನು ಪ್ರವಾಸ ನಡೆಸುವ ಬಸವಪ್ರಸಾದ್ ಈಗಲೂ ಕೈಮುಗಿದೇ ಹೇಳುತ್ತಾರೆ. ಕೋಣೆಯಲ್ಲಿ ಒಲೆ ಹಚ್ಚಬಾರದು ಅನ್ನುವುದನ್ನು ಯಾರೂ ಈಯಮ್ಮನಿಗೆ ಹೇಳಿರಲಿಲ್ಲ. ಕರೆಂಟ್ ಒಲೆಯ ಮೇಲೆ ಒಗ್ಗರಣೆ ಇಟ್ಟರು, ಒಣಮೆಣಸಿನಕಾಯಿ ಸಿಡಿಯಿತು, ಹೊಗೆ ಕಂಡ ಗಂಟೆ ಬಾಯಿ ಬಡಿದುಕೊಂಡಿತು. ಹದಿನೇಳು ಮಹಡಿಯ ಜನ ಮೆಟ್ಟಿಲಿಳಿದು ರಸ್ತೆಗೆ ಬಂದರು, ಕೆಲವರಂತೂ ಟವೆಲಿನಲ್ಲೇ. "ಒಂದು ಸಾಸಿವೆ ಒಗ್ರಣೆಗೆ ಇಷ್ಟ್ ರಂಪ ಮಾಡ್ತಾರಲ್ಲಪ್ಪಾ ಅಂದ್ರು ಸಾರ್ ಇವ್ರು!" ಅನ್ನುತ್ತಾರೆ ಬಸವಪ್ರಸಾದ್. ಅಂದಿನಿಂದ ಹೋಟೆಲಿನವರ ಹತ್ತಿರ ಮೊದಲೇ ಹಿತ್ತಿಲಿನ ಒಂದು ಮೂಲೆ ಕೇಳಿ ಇಟ್ಟುಕೊಳ್ಳುವುದು ಅವರ ಪದ್ಧತಿ.

ಕೌಲಾಲಂಪುರದ ಜೋಡಿ ಗೋಪುರ ನೋಡಿಲ್ಲವೇ? ಬಸ್ಸಿನ ಕಿಟಕಿಯಿಂದ ಕತ್ತು ಎತ್ತಿ ನೋಡಿದ್ದಾರೆ, ತುದಿ ಕಾಣಲಿಲ್ಲ. ಅದರ ಬಗ್ಗೆ ಅವರಿಗೆ ಆಸೆಯೂ ಇಲ್ಲ. ಪುಟ್ಟಬಸಮ್ಮನವರ ಜೀವ ಹಂಬಲಿಸುತ್ತಿರುವುದು ಬೇರೊಂದು ಊರಿಗೆ. ಮಲೇಷ್ಯಾದ್ದೇ ಆದ ಸರವಾಕ್ ರಾಜ್ಯದ ಬೆಟ್ಟಗಳ ನಡುವೆ, ರಸ್ತೆಗಿಂತ ಮೋಡವೇ ಹೆಚ್ಚಾಗಿರುವ ಒಂದು ಸಣ್ಣ ಹಳ್ಳಿಗೆ. ಆರು ವರ್ಷದ ಹಿಂದೆ ಒಂದೇ ಒಂದು ಸಲ, ಒಂದೇ ಒಂದು ರಾತ್ರಿ ಅಲ್ಲಿದ್ದರು. ಆಮೇಲೆ ಆ ಕಡೆಗೆ ಯಾರೂ ಹೋಗಲು ಕೇಳಿಲ್ಲ. ನಮ್ಮವರಿಗೆ ಗೋಪುರ ಬೇಕು, ಸಮುದ್ರ ಬೇಕು, ಚಾಕೊಲೇಟಿನ ಅಂಗಡಿ ಬೇಕು.

ಬರುವ ತಿಂಗಳು ಮತ್ತೆ ಪ್ರವಾಸ ಹೊರಡುತ್ತಿದೆ. ಪುಟ್ಟಬಸಮ್ಮನವರ ಪಾಸ್‌ಪೋರ್ಟಿನ ಅವಧಿ ಬರುವ ವರ್ಷ ಮುಗಿಯುತ್ತದೆ. ಮಂಡಿ ಸವೆದಿದೆ ಎಂದು ಡಾಕ್ಟರೂ ಹೇಳಿದ್ದಾರೆ. ಇದೇ ಕೊನೆಯ ಸಲ ಎಂದು ಅವರೇ ತೀರ್ಮಾನಿಸಿದ್ದಾರೆ. ಬೆಟ್ಟದೂರಿಗೂ ಕರೆದುಕೊಂಡು ಹೋಗು ಎಂದು ದುಂಬಾಲು ಬಿದ್ದಾಗ ಬಸವಪ್ರಸಾದ್ ಒಂದು ಷರತ್ತು ಹಾಕಿದರು: ಆ ಭಾಗಕ್ಕೆ ಹದಿನೈದು ಜನ ಹೆಸರು ಕೊಟ್ಟರೆ ಸರಿ, ಇಲ್ಲದಿದ್ದರೆ ಕೌಲಾಲಂಪುರ ಸುತ್ತಿಕೊಂಡು ವಾಪಸ್. ಅಡುಗೆಯವರನ್ನು ಆ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹೆಸರು ಕೊಡಲು ಇವತ್ತು ಶನಿವಾರ ಸಂಜೆಯೇ ಕೊನೆ. ಈವರೆಗೆ ಆಗಿರುವುದು ಹದಿಮೂರು.

ಹಾಗಾಗಿ ಹುಚ್ಚೆಳ್ಳು ಆರುವುದಕ್ಕೆ ಬಿಟ್ಟು, ಎಂಟು ಗಂಟೆಗೆಲ್ಲ ಪುಟ್ಟಬಸಮ್ಮ ಬಸ್ಸಿನಲ್ಲಿದ್ದಾರೆ. ಕೈಯಲ್ಲಿ ಒಬ್ಬಟ್ಟಿನ ಡಬ್ಬಿ. ಹೊರಟಿರುವುದು ಬನ್ನೂರಿಗೆ, ನಿವೃತ್ತ ಮೇಷ್ಟ್ರು ರಂಗನಾಯಕ ಮತ್ತು ಅವರ ಹೆಂಡತಿ ಚಿನ್ನಮ್ಮನವರ ಮನೆಗೆ. ಈ ದಂಪತಿ ಪ್ರವಾಸಕ್ಕೆ ಬರುತ್ತಿದ್ದಾರೆ, ಬೆಟ್ಟ ಮಾತ್ರ ಬೇಡ ಅಂದಿದ್ದಾರೆ. ನರಸೀಪುರದಲ್ಲಿ ಬಸ್ಸು ಬದಲಿಸುವಾಗ ಬಿಂದುಶ್ರೀ ಮಂಡಿಗೆ ಹಚ್ಚುವ ಎಣ್ಣೆ ತಂದು ಕಾಯುತ್ತಿದ್ದಾರೆ.

"ಸಾಕು ಬುಡವ್ವ. ಆ ಬೆಟ್ಟದೂರಿನ ಅಜ್ಜಿ ಯಾರೋ ಏನೋ, ನಮ್ ಭಾಷೇನೂ ಬರಲ್ಲ. ನಿನ್ ನೆಪ್ಪಾದ್ರೂ ಐತೋ ಇಲ್ವೋ ಆಯಮ್ಮಂಗೆ?"

"ನಂಗೈತಲ್ಲವ್ವ" ಅಂದವರೇ ಪುಟ್ಟಬಸಮ್ಮ ಬನ್ನೂರಿನ ಬಸ್ಸು ಹತ್ತುತ್ತಾರೆ. ಮಗಳು ಹಣೆ ಚಚ್ಚಿಕೊಂಡರೂ ಎಣ್ಣೆಯ ಸೀಸೆಯನ್ನು ಕಿಟಕಿಯಿಂದ ಒಳಗೆ ಕೊಡುತ್ತಾರೆ.

ಬನ್ನೂರಿನಲ್ಲಿ ಮೇಷ್ಟ್ರು ಒಬ್ಬಟ್ಟು ತಿಂದರು, ತುಪ್ಪ ಕೇಳಿ ಹಾಕಿಸಿಕೊಂಡರು, ಆದರೆ ಮಾತಿಗೆ ಬಗ್ಗಲಿಲ್ಲ. "ಅಲ್ಲೇನಿದೆ ಹೇಳಿ ನೋಡೋಣ? ಭತ್ತದ ಗದ್ದೆ, ಎಮ್ಮೆ, ಬೆಟ್ಟ. ಬಾಗ್ಲು ತೆಗುದ್ರೆ ನಮ್ಗೆ ಗದ್ದೇನೇ ಕಾಣೋದು. ಅದ್ನ ನೋಡಾಕೆ ಸಮುದ್ರ ದಾಟ್ಬೇಕಾ?"

ಪುಟ್ಟಬಸಮ್ಮನವರಿಗೆ ವಾದ ಮಾಡಿ ಗೊತ್ತಿಲ್ಲ. ಅವರು ಚಿನ್ನಮ್ಮನವರ ಕಡೆ ತಿರುಗಿ, ಆ ಒಂದು ರಾತ್ರಿ ಏನಾಯಿತು ಅನ್ನುವುದನ್ನಷ್ಟೇ ಹೇಳತೊಡಗುತ್ತಾರೆ.

ಆ ಊರಿಗೆ ಹೋಗುವ ವಿಮಾನ ನಮ್ಮ ಮಿನಿ ಬಸ್ಸಿಗಿಂತ ಚಿಕ್ಕದು. ಸಾಮಾನಿನ ಜೊತೆ ಜನರನ್ನೂ ತೂಗಿಯೇ ಹತ್ತಿಸುತ್ತಾರೆ. "ಸಂತೇಲಿ ಕುಂಬ್ಳಕಾಯಿ ತೂಗ್ದಂಗೆ ನನ್ನೂ ತಕ್ಕಡಿ ಮ್ಯಾಲೆ ನಿಲ್ಸುದ್ರು ಕಣವ್ವ." ತೂಕ ಮೀರಿತೆಂದು ದಿನಸಿಯ ಡಬ್ಬಿ, ಪಾತ್ರೆಗಳನ್ನೆಲ್ಲ ಮಧ್ಯಾಹ್ನದ ವಿಮಾನಕ್ಕೆ ಬಿಟ್ಟರು. ಇವರು ಇಳಿದದ್ದೇ ತಡ, ಮೋಡ ಕವಿಯಿತು. ಮಧ್ಯಾಹ್ನದ ವಿಮಾನ ಬರಲೇ ಇಲ್ಲ. ಹದಿನಾಲ್ಕು ಜನ ಹಸಿದು ಕೂತಿದ್ದಾರೆ, ಅಡುಗೆಯವಳ ಕೈಯಲ್ಲಿ ಒಂದು ಸೌಟೂ ಇಲ್ಲ! ಪುಟ್ಟಬಸಮ್ಮನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಊರೆಂದರೆ ಒಂದೇ ಸೂರಿನ ಕೆಳಗೆ ಉದ್ದಕ್ಕೆ ಚಾಚಿಕೊಂಡ ಮನೆ. ಒಳಗೆ ಸಾಲಾಗಿ ಒಲೆಗಳು, ಒಂದು ಒಲೆಗೆ ಒಂದು ಸಂಸಾರ. ಕೊನೆಯ ಒಲೆಯ ಮುಂದೆ ಒಬ್ಬ ಅಜ್ಜಿ. ಎಲ್ಲರೂ ಆಕೆಯನ್ನು ಸಿನಾ ಎಂದು ಕರೆಯುತ್ತಿದ್ದರು. ನಮ್ಮ ಹಿಂದಿನ ಕಾಲದ ಅಜ್ಜಿಯರ ಹಾಗೆಯೇ ಜೋಲುವ ಕಿವಿ, ಅದರಲ್ಲಿ ಹಿತ್ತಾಳೆಯ ಓಲೆ. ಮಾಂಸ ತಿನ್ನುವುದಿಲ್ಲ ಎಂದು ಕೈಸನ್ನೆಯಲ್ಲಿ ಹೇಳಿದ್ದು ಆಕೆಗೆ ಅರ್ಥವಾಯಿತು. ಅಕ್ಕಪಕ್ಕದ ಒಲೆಯವರೂ ಸೇರಿ ಎಲ್ಲರಿಗೂ ಬೇಯಿಸಿದರು. ಪುಟ್ಟಬಸಮ್ಮ ಎಂದಿನಂತೆ ಎದ್ದು ಬಡಿಸಲು ಹೋದಾಗ ಆ ಅಜ್ಜಿ ಅವರ ಮಣಿಕಟ್ಟು ಹಿಡಿದು, ಎಳೆದು ತಂದು ಚಾಪೆಯ ಮೇಲೆ ಕೂರಿಸಿದಳು. ಮುಂದೆ ಒಂದು ಎಲೆ ಹಾಸಿದಳು.

ಎಲೆಯಲ್ಲಿ ಸುತ್ತಿದ ಮೆತ್ತನೆಯ ಅನ್ನ, ಎಳೆಬಿದಿರಿನ ಕಳಲೆ ಪಲ್ಯ, ಬೇಯಿಸಿದ ಸೊಪ್ಪು, ಉಪ್ಪು. ಪುಟ್ಟಬಸಮ್ಮ ಉಂಡರು. ಮಠದ ದಾಸೋಹದಲ್ಲಿ ಉಂಡು ಬೆಳೆದ ಜೀವ. ಒಂದು ಅಗುಳು ಬಿಟ್ಟರೂ ಪ್ರಸಾದಕ್ಕೆ ಅಪಚಾರ, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು ಎಂದು ಅಪ್ಪ ಕಲಿಸಿದ್ದರು. ಎಲೆಯನ್ನು ಬೆರಳಿನಿಂದ ಒರೆಸಿ ಒರೆಸಿ ಶುಭ್ರ ಮಾಡಿದರು. ಸಿನಾ ನೋಡಿದಳು, ಇನ್ನೊಂದು ಪೊಟ್ಟಣ ಬಿಚ್ಚಿ ಬಡಿಸಿದಳು. ಬಡಿಸಿದ್ದನ್ನು ಬಿಡುವುದುಂಟೇ? ಅದನ್ನೂ ಮುಗಿಸಿ ಎಲೆ ಒರೆಸಿದರು. ಅಜ್ಜಿ ಮೂರನೆಯದನ್ನು ಬಿಚ್ಚಿದಳು. ಹೊಟ್ಟೆ ಬಿರಿಯುತ್ತಿದೆ, ಅಜ್ಜಿ ಪಕ್ಕದಲ್ಲೇ ಕೂತು ಬೆನ್ನು ಸವರುತ್ತಿದ್ದಾಳೆ, ಪುಟ್ಟಬಸಮ್ಮ ಉಣ್ಣುತ್ತಲೇ ಇದ್ದಾರೆ.

ನಾಲ್ಕನೆಯದಕ್ಕೆ ಅಜ್ಜಿ ಕೈ ಹಾಕಿದಾಗ ಬಸವಪ್ರಸಾದ್ ಅಲ್ಲಿನ ಗೈಡಿನ ಜೊತೆ ಬಂದರು. ಗೈಡ್ ಅಜ್ಜಿಯನ್ನು ಕೇಳಿ ನಕ್ಕ. ಆ ಮನೆಯಲ್ಲಿ ಸಾಕಾದವರು ಎಲೆಯ ಮೇಲೆ ಒಂದು ತುತ್ತು ಬಿಡಬೇಕಂತೆ. ಎಲೆ ಖಾಲಿಯಾದರೆ ಇನ್ನೂ ಹಸಿವಿದೆ ಎಂದು ಲೆಕ್ಕವಂತೆ.

"ನಗಾಡಿದ್ರು ಎಲ್ರೂವೆ. ನಾನೂ ನಗಾಡ್ದೆ. ನಗ್ತಾ ನಗ್ತಾನೇ ಅಳು ಬಂದ್ಬುಡ್ತು ಕಣ್ ಚಿನ್ನಮ್ಮೋರೇ" ಅನ್ನುತ್ತಾರೆ ಪುಟ್ಟಬಸಮ್ಮ. "ನಮ್ಮವ್ವ ತೀರ್ಕಂಡ್ಮೇಲೆ ನಂಗೆ ಕುಂಡ್ರುಸಿ ಎಲ್ಡನೇ ಸಲ ಬಡ್ಸಿದ್ದು ಆಯಮ್ಮ ಒಬ್ಳೇಯ. ತಿರ್ಗಾ ನಾನೇನಾರ ಮಾಡಿಕ್ಕಾವ ಅಂದ್ರೆ, ಬೆಳಿಗ್ಗೆ ನನ್ ಡಬ್ಬಿ ತಂದ ಇಮಾನದಲ್ಲೇ ನಮ್ಮನ್ನ ಅತ್ತಿಸ್ಬುಟ್ರು. ತಿರ್ಗಾ ಮೋಡ ಬತ್ತದೆ, ಓಡಿ ಅಂತ. ಒಂದು ಲೋಟ ಕಾಪಿ ಕಾಸ್ಕೊಡಾಕೂ ಆಗ್ನಿಲ್ಲ."

ಮೇಷ್ಟ್ರು ಕೈ ತೊಳೆಯಲು ಎದ್ದು ಹೋಗುತ್ತಾರೆ. ಚಿನ್ನಮ್ಮ ಗಂಡನ ತಟ್ಟೆ ಎತ್ತಿಕೊಂಡವರು, ಅದನ್ನು ಹಿಡಿದುಕೊಂಡೇ ನಿಂತಿದ್ದಾರೆ.

"ನಂಗೂ ಯಾರೂ ಬಡ್ಸಿದ್ದು ನೆಪ್ಪಿಲ್ಲ ಕಣಕ್ಕ" ಅನ್ನುತ್ತಾರೆ. ಆಮೇಲೆ ಒಳಗಿನ ಕಡೆ ತಿರುಗಿ ದನಿ ಎತ್ತುತ್ತಾರೆ. "ರೀ, ಕೇಳುಸ್ತಾ? ನಾನು ಬೆಟ್ಟಕ್ಕೆ ಓಯ್ತೀನಿ. ನೀವು ಬಂದ್ರೆ ಬನ್ನಿ, ಇಲ್ದಿದ್ರೆ ಕೆಳ್ಗೇ ಕುಂತು ಗೋಪುರ ಎಣಿಸ್ಕಳಿ."

ಮೂವತ್ತೆಂಟು ವರ್ಷ ಪಾಠ ಹೇಳಿದ ಮೇಷ್ಟ್ರು ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಹೆಂಡತಿಯ ಮುಖ ನೋಡುತ್ತಾರೆ.

ಸಂಜೆ ಐದೂವರೆಗೆ ನಂಜನಗೂಡಿನ ಹಿತ್ತಿಲಿನಲ್ಲಿ ಪುಟ್ಟಬಸಮ್ಮ ಪುಡಿಯನ್ನು ಡಬ್ಬಿಗೆ ತುಂಬುತ್ತಿದ್ದಾರೆ. ಗುಂಪಿಗೆ ನಾಲ್ಕು ಕೆ.ಜಿ. ತೂಗಿ ಕಟ್ಟಿಟ್ಟಾಗಿದೆ. ಬೇರೆಯಾಗಿ ಒಂದು ಸಣ್ಣ ಸ್ಟೀಲ್ ಡಬ್ಬಿ ಇದೆ. ಅದಕ್ಕೆ ಖಾರ ಕಡಿಮೆ ಹಾಕಿದ್ದಾರೆ, ಸಿನಾಳ ಹಲ್ಲಿಲ್ಲದ ಬಾಯಿಗೆಂದು ನುಣ್ಣಗೆ ಕುಟ್ಟಿದ್ದಾರೆ. ಅದನ್ನು ಯಾವ ತಕ್ಕಡಿ ಬಂದರೂ ಬಿಟ್ಟುಹೋಗುವುದಿಲ್ಲವಂತೆ, ಸೊಂಟಕ್ಕಾದರೂ ಕಟ್ಟಿಕೊಳ್ಳುತ್ತಾರಂತೆ.

ಫೋನು ಬಡಿದುಕೊಳ್ಳುತ್ತದೆ. ಬಸವಪ್ರಸಾದ್. ಪುಟ್ಟಬಸಮ್ಮ ಸ್ಪೀಕರಿಗೆ ಹಾಕಿ, ಪುಡಿ ಮೆತ್ತಿದ ಕೈಯನ್ನು ದೂರ ಹಿಡಿದು ಕಿವಿಗೊಡುತ್ತಾರೆ.

"ಅಕ್ಕಾ, ಬನ್ನೂರಿಂದ ಮೇಷ್ಟ್ರು ಫೋನ್ ಮಾಡಿದ್ರು. ಇಬ್ರೂ ಬರ್ತಾರಂತೆ. ಹದಿನೈದಾಯ್ತು. ಗೈಡ್‌ಗೂ ಹೇಳ್ದೆ. ಅಜ್ಜಿ ಇದಾರಂತೆ, ಕಣ್ಣು ಮಾತ್ರ ಮಂಜಾಗಿದೆಯಂತೆ."

ಪುಟ್ಟಬಸಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಪುಡಿ ಮೆತ್ತಿಕೊಳ್ಳುತ್ತಾರೆ.

"ಈ ಸಲ ಅಡುಗೆ ನಂದೇ ಕಣಪ್ಪ" ಅನ್ನುತ್ತಾರೆ. "ಮದ್ಯಾನ್ನ ಆಯಮ್ಮಂಗೆ ನಾನು ಬಡಿಸ್ತೀನಿ. ರಾತ್ರಿಗೆ ಆಯಮ್ಮ ಬಡಿಸ್ಲಿ."

"ಆಯ್ತಕ್ಕ. ಆದ್ರೆ ಹೋದ್ಸಲದ ಥರ ಮಾಡ್ಬೇಡಿ. ಸಾಕಾದ್ರೆ ಎಲೆ ಮೇಲೆ ಒಂದು ತುತ್ತು ಬಿಟ್ಬಿಡಿ, ಅಷ್ಟೇ."

"ಗೊತ್ತು ಕಣಪ್ಪ, ಈಗ ಗೊತ್ತು." ಪುಟ್ಟಬಸಮ್ಮ ಸಣ್ಣ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಮುಚ್ಚುತ್ತಾರೆ. "ಗೊತ್ತಿದ್ರೂ ಬುಡಾಕಿಲ್ಲ."