ಬಿಸಿಲಿಗೆ ಹಿಡಿದ ಸೀರೆ

ಲಿಂಬೆಹುಳಿ ಹಿಂಡಿದ ಹಸಿ ಬಟ್ಟೆ ಬಿಸಿಲಿಗೆ ಆರುವಾಗ ಒಂದು ವಾಸನೆ ಏಳುತ್ತದೆ. ಅರ್ಧ ಹುಳಿ, ಅರ್ಧ ಬಿಸಿ ನೂಲಿನದ್ದು. ಕಳೆದ ಆದಿತ್ಯವಾರ ಕಾಸರಗೋಡಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಮಗಳ ಅಂಗಿಯನ್ನು ಹಾಗೇ ಹಿಡಿದು ನಿಂತುಬಿಟ್ಟೆ. ಮದುವೆ ಊಟದಲ್ಲಿ ಅವಳು ಬಿಳಿ ಅಂಗಿಯ ಎದೆಯ ಮೇಲೆ ಸಾಂಬಾರು ಚೆಲ್ಲಿಕೊಂಡಿದ್ದಳು. "ಇದು ಇನ್ನು ಹೋಗುವ ಕಲೆ ಅಲ್ಲ, ಬಿಸಾಡು" ಎಂದರು ನನ್ನ ಗಂಡ. ಬಿಸಾಡುವುದಂತೆ! ನಾನು ಸಂಜೀವ ಮಾವನ ಮನೆಯಲ್ಲಿ ಬೆಳೆದವಳು. ಅಂಥ ಮಾತು ನನ್ನ ಹತ್ತಿರ ನಡೆಯುವುದಿಲ್ಲ.

ಸಂಜೀವ ಮಾವ ನನ್ನ ಅಮ್ಮನ ಅಣ್ಣ. ಇಪ್ಪತ್ತು ವರ್ಷ ದುಬೈಯ ಒಂದು ಲಾಂಡ್ರಿಯಲ್ಲಿ ಅರಬಿಗಳ ಬಿಳಿ ನಿಲುವಂಗಿಗಳನ್ನು ಒಗೆದು, ಇಸ್ತ್ರಿ ಹಾಕಿ, ಬಂದ್ಯೋಡಿನ ನಮ್ಮ ಮನೆಗೆ ಮರಳಿದವರು. ಹೆದ್ದಾರಿಗೆ ತಾಗಿಕೊಂಡೇ ಇದ್ದ, ಪಡುವಣಕ್ಕೆ ಮುಖ ಮಾಡಿದ ಹಂಚಿನ ಮನೆ. ಅಂಗಳದ ಮೂಲೆಯಲ್ಲಿ ಬಾವಿ, ಬಾವಿಯ ಪಕ್ಕ ನಡು ಸವೆದು ಹೊಂಡವಾದ ಒಗೆಯುವ ಕಲ್ಲು. ಲಾರಿ ಹೋದಾಗಲೆಲ್ಲ ಅಟ್ಟದ ಮೇಲಿನ ಪಾತ್ರೆಗಳು ಗಡಗಡ ಎನ್ನುತ್ತಿದ್ದವು. ಊರಿನವರು ತಮ್ಮ ಕೆಟ್ಟ ಬಟ್ಟೆಗಳನ್ನೆಲ್ಲ ಮಾವನ ಎದುರು ತಂದು ಬಿಡಿಸುತ್ತಿದ್ದರು. ಮಾವ ಮೊದಲು ಕಲೆಯನ್ನು ಮೂಸುತ್ತಿದ್ದರು. ರಕ್ತವಾದರೆ ತಣ್ಣೀರು ಮತ್ತು ಉಪ್ಪು, ಬಿಸಿನೀರು ತಾಗಿಸಿದಿರೋ ಕೆಟ್ಟಿತು. ಬಾಳೆಕಾಯಿಯ ಮೇಣಕ್ಕೆ ಒಣಗುವ ಮೊದಲೇ ತೆಂಗಿನೆಣ್ಣೆ. ತುಕ್ಕಿಗೆ ಲಿಂಬೆಹುಳಿ, ಉಪ್ಪು, ಬಿಸಿಲು. ಕೆಲಸ ಮುಗಿದ ಮೇಲೆ ಬಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದು, ತಲೆಯನ್ನು ಒಂದು ಬದಿಗೆ ವಾರೆ ಮಾಡಿ ನೋಡಿ, "ಗುರುತೇ ಇಲ್ಲ ಮಾರಾಯ್ತಿ!" ಎನ್ನುವಾಗ ಅವರ ಮುಖ ನೋಡಬೇಕಿತ್ತು. ಚಿನ್ನ ತಂದ ಗಲ್ಫಿನವರ ಮುಖದಲ್ಲೂ ನಾನು ಅಂಥ ಜಂಬ ಕಂಡಿಲ್ಲ.

ಏಳನೇ ಕ್ಲಾಸಿನಲ್ಲಿರುವಾಗ ನಮ್ಮ ಶಾಲೆಯ ಕನ್ನಡ ವಿಭಾಗದ ಎಂಟು ಹುಡುಗಿಯರು ಕಲೋತ್ಸವಕ್ಕೆ ತಿರುವಾದಿರ ನೃತ್ಯ ಕಲಿತೆವು. ಹಾಲುಬಣ್ಣದ, ಕಸವಿನ ಅಂದರೆ ಚಿನ್ನದ ಜರಿಯ ಅಂಚಿನ ಸೀರೆ ಬೇಕಿತ್ತು. ಅಂಥ ಸೀರೆ ನಮ್ಮಲ್ಲಿ ಯಾರಿಗುಂಟು? ನನಗೆ ಮಲಯಾಳದ ಮಾಲತಿ ಟೀಚರ್ ತಮ್ಮದನ್ನೇ ಕೊಟ್ಟರು. "ಜಾಗ್ರತೆ ಮೋಳೇ, ನನ್ನ ಅಮ್ಮ ಉಟ್ಟದ್ದು ಇದು" ಎಂದರು. ಅವರ ಅಮ್ಮ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಸ್ಪರ್ಧೆಯ ಹಿಂದಿನ ದಿನ ರಜೆ. ಬೆಳಿಗ್ಗೆಯೇ ಆ ಸೀರೆ ಉಟ್ಟು ಕನ್ನಡಿ ನೋಡಿದವಳಿಗೆ ಬಿಚ್ಚಲು ಮನಸ್ಸೇ ಬರಲಿಲ್ಲ. ಹಾಗೇ ಊಟಕ್ಕೆ ಕೂತೆ. ಕುಂಬಳಕಾಯಿ ಸಾಂಬಾರಿನ ಒಂದು ಹೋಳು ಕೈಯಿಂದ ಜಾರಿ ಮಡಿಲಿಗೆ ಬಿತ್ತು.

ಯಾರಿಗೂ ಹೇಳದೆ ಬಾವಿಕಟ್ಟೆಗೆ ಓಡಿ, ಸೀರೆ ಬಿಚ್ಚಿ, ಆ ಹಳದಿಯ ಮೇಲೆ ಬಾರ್ ಸಾಬೂನು ತಿಕ್ಕಿದೆ. ದೇವರೇ! ಹಳದಿ ಹೋಗುವುದು ಬಿಡಿ, ನನ್ನ ಕಣ್ಣೆದುರೇ ಅದು ಕೆಂಪಾಯಿತು. ಕೋಳಿ ಕೊಯ್ದ ಹಾಗೆ ಕೆಂಪು. ಇನ್ನಷ್ಟು ತಿಕ್ಕಿದೆ, ಇನ್ನಷ್ಟು ಕೆಂಪಾಯಿತು. ಸತ್ತುಹೋದ ಅಮ್ಮನ ಸೀರೆಯನ್ನು ಹೀಗೆ ಮಾಡಿಕೊಂಡು ಯಾವ ಮುಖ ಹೊತ್ತು ಟೀಚರ ಎದುರು ನಿಲ್ಲುವುದು? ಕೂತಲ್ಲೇ ಕೂತು ಅತ್ತೆ. ಮಾವ ಬಂದರು, ಬಗ್ಗಿ ಮೂಸಿದರು.

"ಅರಶಿನಕ್ಕೆ ಸಾಬೂನು ಹಾಕಿದ್ದಾ ನೀನು?"

"ಹೌದು. ರಕ್ತ ಬರ್ತಾ ಉಂಟು ಮಾವ!"

ಮಾವ ಹೊಟ್ಟೆ ಹಿಡಿದು ನಕ್ಕರು. "ರಕ್ತ ಎಂತದ್ದು? ಸಾಬೂನು ಕಂಡ್ರೆ ಅರಶಿನಕ್ಕೆ ಸಿಟ್ಟು ಬರ್ತದೆ, ಅಷ್ಟೇ. ನಾಳೆ ಅಲ್ವಾ ನಿನ್ನ ಕಲೋತ್ಸವ? ಕಲೆ ಇವತ್ತೇ ಬಂತು ನೋಡು!"

ಸಾಬೂನನ್ನು ಪೂರ್ತಿ ತೊಳೆದು, ಲಿಂಬೆಹುಳಿ ಹಿಂಡಿದರು. ಕೆಂಪು ಸರ್ರನೆ ಇಳಿದು ಮತ್ತೆ ಹಳದಿಯಾಯಿತು. ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಇನ್ನು ನಮ್ಮ ಕೈಯಲ್ಲಿಲ್ಲ, ಬಿಸಿಲಿನ ಕೈಯಲ್ಲಿ" ಎಂದರು. ಆದರೆ ಆ ದಿನ ಬಿಸಿಲಿಗೇ ಬರಗಾಲ. ಮೋಡ ಬಂದು ಬಂದು ಮುಚ್ಚುತ್ತಿತ್ತು. ಎಲ್ಲಿ ಒಂದು ತುಂಡು ಬಿಸಿಲು ಬಿತ್ತೋ ಮಾವ ಸೀರೆ ಹೊತ್ತುಕೊಂಡು ಅಲ್ಲಿಗೆ. ಅಂಗಳದ ತಂತಿಯಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಪಾಗಾರದ ಗೋಡೆಗೆ. ನಾನು ಹಿಂದಿನಿಂದ, ಕಲೆ ಒಣಗದ ಹಾಗೆ ನೀರು ಚಿಮುಕಿಸುತ್ತಾ ಓಡುತ್ತಿದ್ದೆ. ಹಳದಿ ತೆಳುವಾಯಿತು, ಹೋಗಲಿಲ್ಲ. ಸಂಜೆಗೆ ನಮ್ಮ ಅಂಗಳದಲ್ಲಿ ಪಾಗಾರದ ನೆರಳು ತುಂಬಿದಾಗ ನಾನು ಆಸೆ ಬಿಟ್ಟೆ. ಮಾವ ಬಿಡಲಿಲ್ಲ. ನೆಟ್ಟಗೆ ಹೆದ್ದಾರಿಯ ಅಂಚಿಗೆ ನಡೆದು, ಸೀರೆಯನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು, ಕಡಲಿನ ಕಡೆಯಿಂದ ಬರುವ ಕೊನೆಯ ಬಿಸಿಲಿಗೆ ಒಡ್ಡಿ ನಿಂತರು. ಬಸ್ಸಿನವರು ತಲೆ ಹೊರಗೆ ಹಾಕಿ ನೋಡಿದರು. ಒಬ್ಬ ಲಾರಿಯವನು ಹಾರ್ನ್ ಹೊಡೆದು ಕೂಗಿದ. ಸೂರ್ಯ ಪೂರ್ತಿ ಇಳಿಯುವವರೆಗೆ ಮಾವ ಕದಲಲಿಲ್ಲ. ಒಳಗೆ ಬಂದು ಸೀರೆ ಬಿಡಿಸಿ, ತಲೆ ವಾರೆ ಮಾಡಿ, ಯಾವಾಗಲೂ ಹೇಳುವುದನ್ನೇ ಹೇಳಿದರು. ನಾನು ಅವರ ಹೊಟ್ಟೆಗೆ ತಲೆ ಇಟ್ಟು ಮತ್ತೊಮ್ಮೆ ಅತ್ತೆ.

ಮರುದಿನ ನಮಗೆ ಎ ಗ್ರೇಡ್. ಸೋಮವಾರ ಸೀರೆ ಮಡಚಿ ಕೊಂಡುಹೋಗಿ ಟೀಚರ ಕೈಗಿತ್ತೆ. ಅವರು ಬಿಡಿಸಿ, "ಕರ ನೋಕ್ಕಟ್ಟೆ" ಎಂದರು. ಕರ ನೋಡುತ್ತೇನೆ, ಎಂದು. ನನ್ನ ಜೀವವೇ ಬಾಯಿಗೆ ಬಂತು. ನಮ್ಮ ಕಡೆ ಬಟ್ಟೆಯ ಕಲೆಗೆ ಕರೆ ಎನ್ನುತ್ತೇವೆ, ಮಲಯಾಳದಲ್ಲಿ ಅದು ಕರ. ಟೀಚರಿಗೆ ಗೊತ್ತಾಗಿಬಿಟ್ಟಿದೆ! ಅವರು ಇನ್ನೊಂದು ಮಾತಾಡುವ ಮೊದಲೇ ಕುಂಬಳಕಾಯಿ, ಸಾಬೂನು, ಲಿಂಬೆಹುಳಿ, ಹೆದ್ದಾರಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ, "ತಪ್ಪಾಯ್ತು ಟೀಚರ್" ಎಂದು ಬಿಕ್ಕಿದೆ. ಅವರು ಕಣ್ಣರಳಿಸಿ ನನ್ನನ್ನೇ ನೋಡಿದರು. ಮಲಯಾಳದಲ್ಲಿ ಸೀರೆಯ ಅಂಚೂ ಕರವೇ. ಎರಡರ 'ರ' ಬೇರೆ ಬೇರೆ, ಒಂದು ಮೆದು, ಒಂದು ಗಡಸು. ನಮ್ಮ ಕಿವಿಗೆ ಮಾತ್ರ ಎರಡೂ ಒಂದೇ. ಪಾಪ, ಅವರು ಅಂಚಿನ ಕಸವು ಎಳೆದುಹೋಗಿದೆಯೋ ಎಂದು ನೋಡಹೊರಟದ್ದು ಅಷ್ಟೇ.

"ಎಲ್ಲಿ ಬಿದ್ದದ್ದು ಸಾಂಬಾರು? ತೋರಿಸು" ಎಂದರು. ನಾನು ಕಣ್ಣೊರೆಸಿಕೊಂಡು ಹುಡುಕಿದೆ. ಅವರೂ ಹುಡುಕಿದರು. ಕಿಟಕಿಯ ಬೆಳಕಿಗೆ ಹಿಡಿದು, ಮಗುಚಿ ಹಾಕಿ ಹುಡುಕಿದೆವು. ಇಬ್ಬರಿಗೂ ಸಿಗಲಿಲ್ಲ. ಕೊನೆಗೆ ಟೀಚರ್ ನಕ್ಕು, ಸೀರೆಯನ್ನು ಮುಖಕ್ಕೆ ಒತ್ತಿಕೊಂಡು, "ನಿನ್ನ ಮಾವನಿಗೆ ನನ್ನ ನಮಸ್ಕಾರ ಹೇಳು" ಎಂದರು. ನಾನು ಆ ದಿನ ಮನೆಯವರೆಗೆ ಓಡಿದ ಓಟವನ್ನು ಮತ್ತೆಂದೂ ಓಡಿಲ್ಲ.

ಮಾವ ಈಗ ಇಲ್ಲ. ಅವರು ಹೋದ ಮೇಲೆ ರಸ್ತೆ ಅಗಲವಾಯಿತು. ಮನೆ, ಬಾವಿ, ಒಗೆಯುವ ಕಲ್ಲು, ಅವರು ಸೀರೆ ಹಿಡಿದು ನಿಂತ ಜಾಗ, ಎಲ್ಲದರ ಮೇಲೂ ಈಗ ಗಾಡಿಗಳು ಓಡುತ್ತವೆ. ಮೊನ್ನೆ ಸಂಜೆ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಆ ದಾರಿಯಾಗಿ ಹೋಗುತ್ತಿದ್ದೆ. ಅವಳು ಅದೇ ಬಿಳಿ ಅಂಗಿ ತೊಟ್ಟಿದ್ದಳು. ಬಂದ್ಯೋಡು ಬಂತು. "ನಿನ್ನ ಮನೆ ಎಲ್ಲಿತ್ತಮ್ಮ? ತೋರಿಸು" ಎಂದಳು. ಕಿಟಕಿಗೆ ಮುಖ ಹಚ್ಚಿ ಹುಡುಕಿದೆ. ಕಾಂಕ್ರೀಟಿನ ಗೋಡೆ, ಅದರ ಆಚೆ ಡಾಮರು. ಇಲ್ಲೇ ಎಲ್ಲೋ, ಎಂದೆ. ಮಾವ ಪಕ್ಕದಲ್ಲಿದ್ದಿದ್ದರೆ ತಲೆ ವಾರೆ ಮಾಡಿ ನೋಡಿ, "ಗುರುತೇ ಇಲ್ಲ ಮಾರಾಯ್ತಿ" ಎನ್ನುತ್ತಿದ್ದರು. ತಡೆಯಲಾರದ ಅಳು ಬಂತು. ಆಗಲೇ ಬಸ್ಸು ಹೊರಳಿ, ಪಡುವಣದ ಬಿಸಿಲು ಮಗಳ ಎದೆಯ ಮೇಲೆ ಬಿತ್ತು. ಕಣ್ಣೊರೆಸಿಕೊಂಡು ಆ ಬಿಳಿ ಅಂಗಿಯಲ್ಲೂ ಕಲೆ ಹುಡುಕಿದೆ. ಅಲ್ಲಿಯೂ ಗುರುತಿರಲಿಲ್ಲ.