ರಾತ್ರಿಯ ಮಾತ್ರೆ ಬಿಟ್ಟ ಅಜ್ಜಿ

ನಿನ್ನೆ ಪುಲ್ಪಳ್ಳಿ ಪೇಟೆಯ ಆಸ್ಪತ್ರೆಯಿಂದ ತಂದ ಶೀಟಿನಿಂದ ಮಾತ್ರೆ ಒತ್ತಿ ತೆಗೆದಾಗ ಪಟ್ ಎಂದ ಸದ್ದಿಗೆ ಪಕ್ಕದ ತೋಟದ ಅಜ್ಜಿ ನೆನಪಾದರು. ಎಂಬತ್ತು ದಾಟಿದ್ದರೂ ತೋಟದ ಆಳುಗಳ ಮೇಲೂ ನೆರೆಹೊರೆಯ ಮೇಲೂ ಒಂದೇ ಯಜಮಾನಿಕೆ. ನಮ್ಮ ಮನೆಯ ಸಾರಿಗೆ ಎಷ್ಟು ಉಪ್ಪು ಎಂದೂ ಅವರೇ ತೀರ್ಮಾನಿಸುತ್ತಿದ್ದರು! ಅವರ ಮೇಲೆ ನನಗೆ ಸಿಟ್ಟೂ ಬರುತ್ತಿತ್ತು, ಅವರೆಂದರೆ ಪ್ರಾಣವೂ ಹೌದು.

ಅವರದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅಜ್ಜಿಯಂತೂ ಹನಿ ನೀರೂ ಮುಟ್ಟುತ್ತಿರಲಿಲ್ಲ. ಒಂದು ವರ್ಷ ಜ್ವರ, ಕೆಮ್ಮು ಹತ್ತಿ ಉಸಿರಾಡುವುದೇ ಕಷ್ಟವಾದಾಗ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ನ್ಯುಮೋನಿಯಾ ಎಂದ ಡಾಕ್ಟರು, ಈಚೆಗೆ ಆ್ಯಂಟಿಬಯೋಟಿಕ್ ತಿಂದಿದ್ದಾರೆಯೇ ಎಂದು ಮಲಯಾಳಂನಲ್ಲಿ ಕೇಳಿದರು.

"ಎರಡು ಸಲ ಬರೆದುಕೊಟ್ಟಿದ್ರು, ತಿಂದೀನಿ. ಬೆಳಗ್ಗಿಂದು ಒಂದೂ ತಪ್ಪಿಸಿಲ್ಲ," ಎಂದರು ಅಜ್ಜಿ, ಏದುಸಿರಿನಲ್ಲೂ ಹೆಮ್ಮೆಯಿಂದ.

"ರಾತ್ರೀದು ಏನ್ ಮಾಡಿದ್ರಿ ಅಜ್ಜಿ?" ನಾನು ಕೇಳಿದೆ.

"ಡಬ್ಬೀಲಿ ಉಂಟು ಮೋಳೆ," ಎಂದರು; ಮಗಳೇ ಎನ್ನಲು ಅವರಿಗೆ ಮಲಯಾಳಂ ಪದವೇ ಬೇಕು. " ಯಾರಿಗಾದ್ರೂ ಬೇಕಾಗ್ತದೆ."

ಅದನ್ನು ತಿಳಿಸಿದಾಗ ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. ಈ ವಯಸ್ಸು, ಈಚೆಗೆ ತಿಂದ ಮದ್ದು, ಅದೂ ಅರ್ಧಂಬರ್ಧ... ಮಾಮೂಲಿ ಮದ್ದಿಗೆ ರೋಗಾಣು ಜಗ್ಗದಿರುವ ಸಂಭವವೇ ಹೆಚ್ಚು ಎಂದರು. ಕಫದ ಪರೀಕ್ಷೆಯ ಫಲ ಬರುವತನಕ ಕಾದರೆ ಅಜ್ಜಿ ಉಳಿಯುವುದು ಕಷ್ಟ. ಅಂದಾಜಿನ ಮೇಲೆಯೇ ಬೇರೆ ಇಂಜೆಕ್ಷನ್ ಶುರುಮಾಡಬೇಕು, ರಾತ್ರಿಯೂ ಕೊಡಬೇಕು. ವ್ರತದ ವಿಷಯದಲ್ಲಿ ಅಜ್ಜಿಯನ್ನು ಒಪ್ಪಿಸಬಲ್ಲವರು ನಮ್ಮೂರಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅಜ್ಜಿ ಸೂಜಿಯತ್ತ ಬೆರಳು ತೋರಿದರು.

"ಇದು ಬಾಯಿಗೆ ಹೋಗಲ್ಲ ಅಲ್ಲ?"

"ಇಲ್ಲ ಅಜ್ಜಿ, ಕೈಗೆ."

"ಹಾಗಾದ್ರೆ ಹಾಕ್ಲಿ. ಕೈಗೆಂಥ ವ್ರತ?"

ನರ್ಸ್‌ಗೆ ನಗು ತಡೆಯಲಾಗಲಿಲ್ಲ. ಪರೀಕ್ಷೆಯ ಫಲ ಬಂದಾಗ ಡಾಕ್ಟರ ಅಂದಾಜು ಸರಿಯಾಗಿಯೇ ಇತ್ತು. ಹಳೆಯ ಮಾತ್ರೆಯಿಂದ ಏನೂ ಆಗುತ್ತಿರಲಿಲ್ಲ. ಅಜ್ಜಿ ಎದ್ದು ಬಂದರು, ಬಂದವರೇ ನಮ್ಮ ಸಾರಿನ ರುಚಿ ನೋಡಿದರು. ಆಮೇಲೆ ಯಾವ ಡಾಕ್ಟರ ಬಳಿ ಹೋದರೂ ಮೊದಲು ವ್ರತದ ವಿಷಯ ಹೇಳಿ, ಹಗಲಿನಲ್ಲೇ ಮುಗಿಯುವ ಮದ್ದು ಕೇಳುತ್ತಿದ್ದರು. ಏನು ತಿಂದೆ, ಏನು ಬಿಟ್ಟೆ ಎಂದು ಕೇಳುವ ಮೊದಲೇ ಒಪ್ಪಿಸುತ್ತಿದ್ದರು.

ಹಾಗೆ ಕೆಲವು ವರ್ಷ ಆಳಿ, ಒಂದು ಬೆಳಗ್ಗೆ ನಿದ್ದೆಯಲ್ಲೇ ಹೋದರು. ಈಗ ನನ್ನ ತಲೆಯೂ ನರೆತಿದೆ. ನಿನ್ನೆ ಡಾಕ್ಟರು ಕೂರಲು ಹೇಳುವ ಮೊದಲೇ ನುಂಗಿದ್ದು, ಮರೆತದ್ದು ಎಲ್ಲ ಹೇಳಿಬಿಟ್ಟೆ. ಇಷ್ಟು ನೇರವಾಗಿ ಹೇಳಲು ಯಾರು ಕಲಿಸಿದರು ಎಂದು ಅವರು ನಕ್ಕರು. ಪಕ್ಕದ ತೋಟದ ಅಜ್ಜಿ ಎನ್ನಲು ಹೊರಟೆ... ಅಳು ಮರೆಸಲು ಕೆಮ್ಮಿದೆ. ಡಾಕ್ಟರು ನಿಜವಾದ ಕೆಮ್ಮೆಂದುಕೊಂಡು ಸ್ಟೆತಾಸ್ಕೋಪ್ ಎತ್ತಿಕೊಂಡರು.