ನಲವತ್ತೇಳನೆಯ ಕೊಳಗ

ಸಿರುಗುಪ್ಪದ ನಮ್ಮ ಗಾದೆಪ್ಪಮಾವನಷ್ಟು ಜಂಬದ ಮನುಷ್ಯನನ್ನು ನಾನು ಕಂಡಿಲ್ಲ. ಹೊಲವಿರಲಿಲ್ಲ, ಅಕ್ಷರ ಬರುತ್ತಿರಲಿಲ್ಲ, ಮೀಸೆಯೂ ನೆಟ್ಟಗೆ ಬೆಳೆದಿರಲಿಲ್ಲ. ಇದ್ದದ್ದು ಒಂದು ಗಂಟಲು ಮತ್ತು ಲೆಕ್ಕ ತಪ್ಪದ ಒಂದು ತಲೆ. ಸುಗ್ಗಿ ಬಂತೆಂದರೆ ಊರಿನ ಕಣಗಳಲ್ಲಿ ಭತ್ತದ ರಾಶಿ ಅಳೆಯುವುದು ಅವನ ಕೆಲಸ.

ಮೊದಲನೆಯ ಕೊಳಗಕ್ಕೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮಾವ ಆ ಲಾಭವನ್ನು ಎಳೆದು ಹೇಳಿದರೆ ಕಾಲುವೆಯಾಚೆಯ ಕಣದವರೂ ತಲೆಯೆತ್ತುತ್ತಿದ್ದರು. ಆಮೇಲೆ ಎರಡು, ಮೂರು, ಕೊಳಗ ಸುರಿದಂತೆ ಒಂದೊಂದೇ ಕೂಗು. ರಾಶಿಯ ಮುಂದೆ ಅಳೆಯುವವನೊಬ್ಬನೇ ಬಾಯಿ ಬಿಡಬೇಕು; ಮಿಕ್ಕವರು ಕೆಮ್ಮು ಬಂದರೂ ದೂರ ಹೋಗಿ ಕೆಮ್ಮಿ ಬರಬೇಕು. ಒಮ್ಮೆ ಅಳೆದ ರಾಶಿಯನ್ನು ಮತ್ತೆ ಅಳೆಯುವಂತೆಯೂ ಇಲ್ಲ; ಎರಡರಿಂದಲೂ ರಾಶಿಯ ಹುಲುಸು ಹೋಗುತ್ತದೆಂದು ನಂಬಿಕೆ. ಅದಕ್ಕೇ ಬೇರೆ ಅಳೆಯುವವರು ಇಪ್ಪತ್ತು ಕೊಳಗಕ್ಕೊಂದು ಹಿಡಿ ಭತ್ತ ಪಕ್ಕಕ್ಕಿಟ್ಟು ಗುರುತು ಮಾಡಿಕೊಳ್ಳುತ್ತಿದ್ದರು. ಮಾವ ಇಡುತ್ತಿರಲಿಲ್ಲ. "ತಲಿ ಇಲ್ಲದಾಂವ ಹಿಡಿ ಇಡತಾನ," ಎನ್ನುತ್ತಿದ್ದ.

ಯುದ್ಧ ನಡೆದಿದ್ದ ಕಾಲದಲ್ಲಿ ಅವನಿಗೆ ದಮ್ಮು ಅಂಟಿಕೊಂಡಿತು. ಹೊಟ್ಟಿನ ದೂಳು ಎದ್ದರೆ ಸಾಕು, ಎದೆ ಸಿಳ್ಳೆ ಹಾಕುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಕಂಬಕ್ಕೆ ಒರಗಿ ಕೂತೇ ಬೆಳಗು ಮಾಡುತ್ತಿದ್ದ. ಹಗಲಿಗೆ ಮಂಕು. ಹೆಗಲ ಮೇಲಿನ ವಲ್ಲಿಯನ್ನೇ ಮನೆಯೆಲ್ಲ ಹುಡುಕುತ್ತಿದ್ದ. ಉಂಡು ಕೈ ತೊಳೆದವನು ಉಣ್ಣಲು ಕೊಡಲಿಲ್ಲವೆಂದು ಹೆಂಡತಿ ಉಚ್ಚೆಂಗೆಮ್ಮನ ಮೇಲೆ ರೇಗುತ್ತಿದ್ದ. ದಮ್ಮು ಬಂದೀತು ಎಂಬ ಹೆದರಿಕೆ ದಮ್ಮಿಗಿಂತ ಮೊದಲು ಬರುತ್ತಿತ್ತು. ಅದು ಬಂದ ಮೇಲೆ ದಮ್ಮು ಬರದೆ ಬಿಡುತ್ತಿರಲಿಲ್ಲ.

ನಲವತ್ತೊಂಬತ್ತನೇ ಇಸವಿಯ ಸುಗ್ಗಿ. ದೊಡ್ಡಬಸಮ್ಮನ ಕಣ. ಆಕೆ ಗಂಡನಿಲ್ಲದ ಹೆಂಗಸು. ಗದ್ದೆಯನ್ನು ಮೂಕಪ್ಪನಿಗೆ ಪಾಲಿಗೆ ಕೊಟ್ಟಿದ್ದಳು. ರಾಶಿಯಲ್ಲಿ ಇಬ್ಬರಿಗೂ ಅರ್ಧರ್ಧ. ಮಾವ ಅಳೆಯುತ್ತಿದ್ದಾಗ ಗಾಳಿ ತಿರುಗಿ ಹೊಟ್ಟೆಲ್ಲ ಮುಖಕ್ಕೆ ಬಂತು. ಉಸಿರಿಗೆ ತಡಕಾಡಿ ಸುಧಾರಿಸಿಕೊಳ್ಳುವಷ್ಟರಲ್ಲಿ, ನಲವತ್ತೇಳು ಅಂದಾಗಿತ್ತೋ ಇನ್ನು ಅನ್ನಬೇಕೋ ತಿಳಿಯಲಿಲ್ಲ. ಸುತ್ತ ನೋಡಿದ. ಎಲ್ಲರೂ ನೆಲ ನೋಡುತ್ತ ನಿಂತಿದ್ದರು. ನಲವತ್ತೇಳು ಎಂದು ಕೂಗಿ ಮುಂದೆ ನಡೆದ. ಆಮೇಲಿನ ಲೆಕ್ಕವೂ ಎಲ್ಲೆಲ್ಲೋ ತಪ್ಪಿತೆಂದೇ ಅವನಿಗೆ ಅನ್ನಿಸಿತು. ರಾಶಿ ಮುಗಿದದ್ದೇ ಕೊಳಗ ಬೋರಲು ಹಾಕಿ, ತನಗೆ ಸಲ್ಲುವ ಕಾಳನ್ನೂ ತೆಗೆದುಕೊಳ್ಳದೆ ಮನೆಗೆ ಬಂದುಬಿಟ್ಟ.

ಅವನ ಅಪ್ಪ ಕೊನೆಗಾಲದಲ್ಲಿ ಬುದ್ಧಿ ಕಳೆದುಕೊಂಡು, ತನ್ನ ಮನೆಯ ಬಾಗಿಲಲ್ಲೇ ನಿಂತು ಇದು ಯಾರ ಮನೆಯೆಂದು ಕೇಳುತ್ತಿದ್ದನಂತೆ. "ಅಪ್ಪನ ರೋಗ ನನಗೂ ಬಂತು," ಎಂದು ಮಾವ ಗೋಡೆಗೆ ಮುಖ ಮಾಡಿ ಕೂತ. ಕಣದ ದಾರಿ ಬಿಟ್ಟ. ಉಚ್ಚೆಂಗೆಮ್ಮ ಅವನನ್ನು ತನ್ನ ತವರು ಕುರುಗೋಡಿಗೆ ಕರೆದುಕೊಂಡು ಹೋದಳು. ಅಲ್ಲಿ ಅವಳ ಅಣ್ಣ ಪಕ್ಕೀರಪ್ಪ ಇದು ದೃಷ್ಟಿಯೆಂದು ತೀರ್ಮಾನಿಸಿ, ಹಿಡಿ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದ. ಬಾಗಿಲು ಬೇರೆ ಮುಚ್ಚಿದ್ದ, ಪುಣ್ಯಾತ್ಮ. ಮಾವ ಕೆಮ್ಮಿ ಕೆಮ್ಮಿ ನೀಲಿಗಟ್ಟಿದರೆ ಪಕ್ಕೀರಪ್ಪ, "ನೋಡ್ರಿ, ಎಂಥಾ ದೃಷ್ಟಿ ಹೊಂಟೈತಿ," ಎಂದನಂತೆ. ಸುದ್ದಿ ಕೇಳಿದ ನಾನು ಕುರುಗೋಡಿಗೆ ಹೋಗಿ, ಪಕ್ಕೀರಪ್ಪನಿಗೆ ಬಾಯಿಗೆ ಬಂದದ್ದು ಬೈದು, ಮಾವನನ್ನು ಮೋಟಾರು ಹತ್ತಿಸಿ ಬಳ್ಳಾರಿಗೆ ತಂದೆ. ಆಗ ನಮ್ಮ ಮನೆ ಸತ್ಯನಾರಾಯಣಪೇಟೆಯಲ್ಲಿತ್ತು.

ಬ್ರೂಸ್‌ಪೇಟೆಯ ಡಾಕ್ಟರು ತಿಪ್ಪೇರುದ್ರಪ್ಪನವರು ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು.

"ರಾತ್ರಿ ಎಷ್ಟು ತಾಸು ನಿದ್ದಿ ಮಾಡತೀಯಪ್ಪಾ?"

"ನಿದ್ದಿ ಎಲ್ಲೀದ್ರಿ. ಕುಂತಿರತೀನಿ. ಅದಲ್ರಿ ನನ್ನ ಚಿಂತಿ. ನನ್ನ ತಲಿ ಕೆಟ್ಟೈತಿ."

"ತಲಿ ಕೆಟ್ಟಿಲ್ಲ. ಎಣ್ಣಿ ಸಾಲದ ದೀಪ ಮಂಕ ಉರೀತೈತಿ ಹೌದಲ್ಲೋ? ಉಸಿರು ಸಾಲದ, ನಿದ್ದಿ ಇಲ್ಲದ ತಲೀನೂ ಹಂಗ. ಅದರ ಮ್ಯಾಲ ನೀನು ಹೆದರತಿ. ಹೆದರಿದರ ಎದಿ ಮತ್ತೂ ಬಿಗೀತೈತಿ."

"ನಮ್ಮಪ್ಪಗ ಹಿಂಗ ಆಗಿತ್ರಿ."

"ನಿಮ್ಮಪ್ಪಗ ದಮ್ಮು ಇತ್ತೇನು?"

ಮಾವ ಯೋಚಿಸಿ, ಇರಲಿಲ್ಲ ಎಂದ. ಡಾಕ್ಟರು ಒಂದು ಇಂಜೆಕ್ಷನ್ ಚುಚ್ಚಿ, ಗುಳಿಗೆ ಕೊಟ್ಟು, ಕೆಲಸವಿದ್ದಾಗ ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡು ಗಾಳಿಗೆ ಬೆನ್ನು ಮಾಡಿ ನಿಲ್ಲೆಂದರು. ಹೆದರಿಕೆಯಾದರೆ ನಿಂತುಬಿಡು, ಉಸಿರನ್ನು ನಿಧಾನವಾಗಿ ಹೊರಗೆ ಬಿಡು, ಅವಸರ ಬೇಡವೆಂದರು.

ಅವತ್ತು ಮಲಗಿದ ಮಾವ ಮರುದಿನ ಮಧ್ಯಾಹ್ನಕ್ಕೆ ಎದ್ದ. ಐದನೆಯ ದಿನ ನಾನು ಕೆಲಸದಿಂದ ಬಂದಾಗ ಪಡಸಾಲೆಯಲ್ಲಿ ಕೂತಿದ್ದ. ನನ್ನ ಹೆಂಡತಿ ವಿರೂಪಮ್ಮ ಹುಣಸೆಹಣ್ಣು ಬಿಡಿಸಿ ಬಿಸಾಡಲೆಂದು ಗುಡ್ಡೆ ಹಾಕಿದ್ದ ಬೀಜಗಳೆಲ್ಲ ಅವನ ಮುಂದಿದ್ದವು.

"ಸಾವಿರದಾ ಇನ್ನೂರಾ ಹದಿನೆಂಟು," ಎಂದ. "ಎರಡು ಸಲ ಎಣಿಸೀನಿ. ಎರಡೂ ಸಲ ಅಷ್ಟ."

ಅವನ ಮುಖ ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ವಿರೂಪಮ್ಮನಂತೂ ಆ ಬೀಜಗಳನ್ನು ಬಿಸಾಡಲೇ ಇಲ್ಲ.

ಮಾವ ಊರಿಗೆ ಮರಳಿದ ಮೇಲೆ, ಮುಂದಿನ ಸುಗ್ಗಿಗೆ ರಾಶಿ ಅಳೆಯಲು ಬಾ ಎಂದು ದೊಡ್ಡಬಸಮ್ಮ ಹೇಳಿಕಳಿಸಿದಳು. ಮಾವ ಒಲ್ಲೆನೆಂದ. ಹುಣಸೆಬೀಜ ಬೇರೆ, ಕಣ ಬೇರೆ ಎಂದ. ಮತ್ತೊಮ್ಮೆ ತಪ್ಪಿದರೆ ತನ್ನ ತಲೆ ಕೆಟ್ಟಿದೆಯೆಂದು ತನಗೇ ಖಾತ್ರಿಯಾಗುತ್ತದೆ ಎಂಬುದು ಅವನ ಭಯ. ನಾನೇ ಸಿರುಗುಪ್ಪಕ್ಕೆ ಹೋಗಿ ಎಬ್ಬಿಸಿಕೊಂಡು ಹೊರಟೆ. ಮೂಗಿಗೆ ಒದ್ದೆ ವಲ್ಲಿ ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ನಿಂತ ಮಾವ ಲಾಭ ಎಂದ. ಹಿಂದಿನ ಗಂಟಲಲ್ಲ, ಆದರೂ ಕೇಳಿಸಿತು. ಇಪ್ಪತ್ತನೆಯ ಕೊಳಗಕ್ಕೆ ಬಗ್ಗಿ ಒಂದು ಹಿಡಿ ಭತ್ತ ಪಕ್ಕಕ್ಕಿಟ್ಟ. ಯಾರೂ ನಗಲಿಲ್ಲ. ನಲವತ್ತಕ್ಕೆ ಇನ್ನೊಂದು, ಅರವತ್ತಕ್ಕೆ ಇನ್ನೊಂದು.

ಅರವತ್ತಮೂರು ಎಂದು ಸುರಿದು, ಮುಂದಿನ ಕೊಳಗ ತುಂಬಿಕೊಂಡವನು ಅಲ್ಲಿಗೇ ನಿಂತ. ಎದೆ ಸಿಳ್ಳೆ ಹಾಕತೊಡಗಿತು. ಹೇಳಿಕೊಟ್ಟ ಹಾಗೆ ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟ, ಮತ್ತೆ ಬಿಟ್ಟ. ಉಸಿರು ಹಾದಿಗೆ ಬಂತು. ಆದರೆ ಲೆಕ್ಕ ಹೋಗಿತ್ತು. ಅವನ ಕಣ್ಣು ನೋಡಿದರೇ ತಿಳಿಯುತ್ತಿತ್ತು. ರಾಶಿಯ ಮುಂದೆ ನಾನೂ ಬಾಯಿ ಬಿಡುವಂತಿರಲಿಲ್ಲ.

"ಅರವತ್ತಮೂರು ಆತು," ಎಂದಳು ದೊಡ್ಡಬಸಮ್ಮ.

ರಾಶಿಯ ಮುಂದೆ ಅಳೆಯುವವನಲ್ಲದವರು ಮಾತಾಡಿದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಮೂಕಪ್ಪ ಅವಳ ಮುಖ ನೋಡಿದ. ಆಮೇಲೆ ತಾನೂ, "ಹೌದು, ಅರವತ್ತಮೂರು," ಎಂದ.

"ಅರವತ್ನಾಕು," ಎಂದು ಮಾವ ಕೊಳಗ ಸುರಿದ.

ರಾಶಿ ಮುಗಿದ ಮೇಲೆ ಅವನು ದೊಡ್ಡಬಸಮ್ಮನ ಮುಂದೆ ಕೈ ಕಟ್ಟಿ ನಿಂತ. "ಹ್ವಾದ ವರ್ಷ ನನ್ನಿಂದ ನಿಮ್ಮ ರಾಶಿ ಕೆಟ್ಟಿತವ್ವಾ. ಎಷ್ಟು ತಪ್ಪೀನಿ ನನಗ ಗೊತ್ತಿಲ್ಲ."

"ನಮಗ ಗೊತ್ತೈತಲ್ಲ," ಎಂದಳಾಕೆ. "ನಲವತ್ತೇಳು ಎರಡು ಸಲ ಅಂದಿ. ನಿನ್ನ ದಮ್ಮು ಕೇಳಿ ನಾವೆಲ್ಲ ಮನಸಿನಾಗ ಎಣಿಸಾಕ ಹತ್ತಿದ್ವಿ. ರಾಶಿ ಮುಂದ ಬಾಯಿ ಬಿಡಬಾರದು ಅಂತ ಸುಮ್ಮನಿದ್ವಿ. ಆಮ್ಯಾಲ ಹೇಳೋಣ ಅಂದರ ನೀನು ಬರಲೇ ಇಲ್ಲ."

"ಅಷ್ಟನ? ಬರೇ ಒಂದ ಕೊಳಗ?"

"ಒಂದ."

ಮಾವ ಅಲ್ಲೇ ಹೊಟ್ಟಿನ ಮೇಲೆ ಕೂತುಬಿಟ್ಟ. ಒಂದ, ಎಂದು ಮತ್ತೆ ಹೇಳಿದ. ಅಳುತ್ತಿದ್ದನೋ ನಗುತ್ತಿದ್ದನೋ, ಮೂಗಿಗೆ ಕಟ್ಟಿದ್ದ ಬಟ್ಟೆಯಿಂದಾಗಿ ನನಗೆ ಗೊತ್ತಾಗಲಿಲ್ಲ. ಅಂದಿನಿಂದ ಅವನು ಅಳೆಯುವ ಕಣದಲ್ಲಿ ಎಲ್ಲರೂ ಅವನ ಜೊತೆಗೆ ಬಾಯಿಬಿಟ್ಟೇ ಎಣಿಸುತ್ತಾರೆ. ಹುಲುಸು ಹೋಯಿತೆಂದು ಯಾರೂ ಈವರೆಗೆ ದೂರಿಲ್ಲ.